ದೀಪ ಆರಿಸಿದರೂ ಆಡಿದ ನೊರೀನ್

ನೊರೀನ್ ಹಾರ್ಡ್‌ಕಾಸಲ್ ನನ್ನ ನಾದಿನಿ. 1984ರಲ್ಲಿ ಇಂಗ್ಲೆಂಡಿನ ನಮ್ಮ ಬಾರ್ನ್ಸ್‌ಲಿಯ ಕಲ್ಲಿದ್ದಲು ಗಣಿ ಕೆಲಸಗಾರರು ಮುಷ್ಕರ ಹೂಡಿದಾಗ, ಹೆಂಗಸರೆಲ್ಲ ಸೇರಿ ಅವರ ಕ್ಲಬ್ಬಿನಲ್ಲೇ ಅಡುಗೆ ಶುರು ಮಾಡಿದೆವು. ದಿನಕ್ಕೆ ಮುನ್ನೂರು ಊಟ. ಆಲೂಗಡ್ಡೆ ಮೂಟೆ ಇಡಲು ಜಾಗ ಸಾಲದೆ, ಹೆಂಗಸರು ಕಾಲಿಡಬಾರದ ಸ್ನೂಕರ್ ಕೋಣೆಯ ಬೀಗ ತೆಗೆಸಿದೆವು. ಮೂಟೆ ಇಳಿಸಿದವಳೇ ನೊರೀನ್ ಮೂಲೆಯಲ್ಲಿದ್ದ ಕೋಲು ಎತ್ತಿಕೊಂಡಳು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಪುಟ್ಟ ಮೇಜಿನ ಮೇಲೆ ಆಡಿದ್ದ ಕೈ ಅದು. ಆಗ ಅವಳಿಗೆ ಮೂವತ್ತು. ಪಾತ್ರೆ ತೊಳೆದಾದ ಮೇಲೆ ದಿನಾ ಮಧ್ಯಾಹ್ನ ಅಲ್ಲೇ ಇರುತ್ತಿದ್ದಳು.

ವರ್ಷದ ಮೇಲೆ ಮುಷ್ಕರ ಸೋತಿತು. ಗಂಡಸರು ಗಣಿಗೆ ಮರಳಿದ ವಾರವೇ ಕ್ಲಬ್ಬಿನ ಕಾರ್ಯದರ್ಶಿ ವಿಲ್ಫ್ ಬಂದ.

“ಎಲ್ಲಾ ಮುಗೀತಲ್ಲ ತಾಯಿ, ಮನೆಗೆ ಹೊರಡು. ಇದು ಗಂಡಸ್ರ ಜಾಗ.”

“ವರ್ಷವೆಲ್ಲ ಈ ಕೈ ಬಡಿಸಿದ್ದು ತಿಂದ್ರಲ್ಲ, ಆಗ ಗಂಟಲಲ್ಲಿ ಸಿಕ್ಕಿಕೊಳ್ಳಲಿಲ್ವಾ?” ನೊರೀನ್ ಚೆಂಡಿನಿಂದ ಕಣ್ಣೆತ್ತಲಿಲ್ಲ.

ಅವನು ಮೇಜಿನ ಮೇಲಿನ ದೀಪ ಆರಿಸಿ ಹೋದ. ಅವಳು ಪರದೆ ಸರಿಸಿ ಕಿಟಕಿಯ ಬೆಳಕಲ್ಲಿ ಆಡಿದಳು. ಮರುದಿನವೂ ಆರಿಸಿದ, ಮರುದಿನವೂ ಆಡಿದಳು. ಹೀಗೇ ಹನ್ನೊಂದು ದಿನ. ಕೊನೆಗೆ ಸೆಥ್ ಎಂಬ ಮುದುಕ ಬೇಸತ್ತು ಕೂಗಿದ: “ಏ ವಿಲ್ಫ್, ದೀಪ ಹಾಕೋ! ನಿನ್ನ ಜೊತೆ ಆಡಿದ್ರೆ ನಿದ್ದೆ ಬರುತ್ತೆ. ನಂಗೆ ಆಡೋಕೆ ಬರೋರು ಬೇಕು.”

ದೀಪ ಹತ್ತಿತು.

1991ರಲ್ಲಿ ವೃತ್ತಿಪರ ಆಟದ ಬಾಗಿಲು ಎಲ್ಲರಿಗೂ ತೆರೆಯಿತು. ನೊರೀನ್ ಹೆಸರು ಕೊಟ್ಟಳು. ಅರ್ಹತಾ ಪಂದ್ಯಗಳಿಗೆ ಬ್ಲ್ಯಾಕ್‌ಪೂಲ್‌ವರೆಗೂ ವ್ಯಾನ್ ಓಡಿಸುವವಳು ನಾನು. ನೋಡಲು ಬಂದವಳೂ ನಾನೊಬ್ಬಳೇ. ಸಾಲಾಗಿ ಹತ್ತೊಂಬತ್ತು ಪಂದ್ಯ ಸೋತಳು.

“ಸಾಕು ಬಿಡೇ ಮಾರಾಯ್ತಿ, ಊರೆಲ್ಲ ನಗ್ತಿದೆ.”

“ನಗೋರಿಗೆ ದವಡೆ ನೋವು ಬರೋವರೆಗೂ ಆಡ್ತೀನಿ ಅತ್ತಿಗೆ. ನೀನು ಗಾಡಿ ಓಡ್ಸು.”

ಇಪ್ಪತ್ತನೆಯದಕ್ಕೆ ಎದುರಾದವನು ಎಸೆಕ್ಸ್ ಕಡೆಯ ಡೇಮಿಯನ್, ಹೊಸ ವೇಸ್ಟ್‌ಕೋಟಿನ ತರುಣ. ಕೈ ಕುಲುಕುತ್ತ, “ಬೇಗ ಮುಗಿಸ್ತೀನಿ ಆಂಟಿ, ನಿಮಗೆ ಬಸ್ ತಪ್ಪಲ್ಲ” ಎಂದ.

“ನಾನು ವ್ಯಾನಲ್ಲಿ ಬಂದಿದೀನಪ್ಪ. ಸಾವಕಾಶ ಸೋಲು.”

ಒಂಬತ್ತು ಆಟಗಳ ಪಂದ್ಯ ನಾಲ್ಕು-ನಾಲ್ಕಾಯಿತು. ಕೊನೆಯ ಆಟದಲ್ಲಿ ಉಳಿದದ್ದು ಕಪ್ಪು ಚೆಂಡೊಂದೇ, ಅದನ್ನು ಬೀಳಿಸಿದವರದೇ ಗೆಲುವು; ಅದೂ ಮೇಜಿನ ಆ ತುದಿಯಲ್ಲಿ. ಅವಳು ಬಾಗಿದಳು, ಹೊಡೆದಳು. ಚೆಂಡು ಕುಳಿಯ ಬಾಯಲ್ಲಿ ಒಮ್ಮೆ ತಡವರಿಸಿ ಒಳಗೆ ಬಿತ್ತು. ಡೇಮಿಯನ್‌ನ ಕೈ ಕುಲುಕಿ ನೆಟ್ಟಗೆ ನಡೆದು ಹೊರಬಂದವಳು ನನ್ನ ತೋಳು ಹಿಡಿದಳು. “ಗಾಡಿ ನಿಧಾನಕ್ಕೆ ಓಡ್ಸು ಅತ್ತಿಗೆ, ಇವತ್ತು ಅವಸರ ಇಲ್ಲ.”

ಮರುದಿನ ಮುಂದಿನ ಸುತ್ತಿನಲ್ಲಿ ಐದು-ಸೊನ್ನೆಯಿಂದ ಸೋತಳು. ಆರು ವರ್ಷದಲ್ಲಿ ಒಟ್ಟು ನಾಲ್ಕು ಗೆಲುವು. ಆಮೇಲೆ ವೃತ್ತಿಪರರ ಪಟ್ಟಿಯಿಂದ ಅವಳ ಹೆಸರು ಹೋಯಿತು. ಆಟ ಹೋಗಲಿಲ್ಲ. ಈಗ ಎಪ್ಪತ್ತು ದಾಟಿದೆ, ಕ್ಲಬ್ಬಿನ ತಂಡದಲ್ಲಿ ಇನ್ನೂ ಅವಳದೇ ಮೊದಲ ಪಂದ್ಯ.

ಹೋದ ಗುರುವಾರ ಎದುರಾಳಿಯೊಬ್ಬ ಮರ್ಯಾದೆಯಿಂದ ಕುರ್ಚಿ ತಂದಿಟ್ಟ. “ಕೂತ್ಕೊಳ್ಳಿ ಅಜ್ಜಿ.”

“ನೀನೇ ಕೂತ್ಕೊ ಮಗು,” ಎಂದಳು ಕೋಲಿನ ತುದಿಗೆ ಸೀಮೆಸುಣ್ಣ ತಿಕ್ಕುತ್ತ. “ನನ್ನ ಚೆಂಡು ಬೀಳೋದು ನಿಲ್ಲೋವರೆಗೂ ನಿನಗೆ ಇಲ್ಲಿ ಕೆಲಸ ಇಲ್ಲ.”