ಬ್ಯಾಟರಿಗೆ ಹಚ್ಚಿದ ಕುಂಕುಮ

ಹೋದ ತಿಂಗಳು ಮನೆಯ ಇನ್ವರ್ಟರ್ ಕೆಟ್ಟಿತು. ರಿಪೇರಿಯವನು ಬಂದು ಬ್ಯಾಟರಿಯ ಬಿರಡೆಗಳನ್ನು ಒಂದೊಂದಾಗಿ ತೆಗೆದ. ಹುಳಿಹುಳಿಯಾದ, ಗಂಟಲು ಕಚ್ಚುವ ಆ ವಾಸನೆ ಅಡುಗೆಮನೆಯವರೆಗೂ ಬಂತು. ಒಲೆ ಆರಿಸಿ ಹಿತ್ತಲಿಗೆ ಹೋಗಿ ಕೂತೆ. ಸೊಸೆ ಬಂದು, “ಯಾಕ್ರೀ ಅತ್ತೆ, ವಾಸನೆ ಆಗಲ್ವಾ?” ಎಂದಳು. ಆಗಲ್ಲ ಎಂದೆ. ಅವಳು ನಂಬಿದಳು. ನನ್ನ ಮಾತನ್ನು ಎಲ್ಲರೂ ನಂಬುತ್ತಾರೆ, ಮೊದಲಿನಿಂದಲೂ...

ಜಗಳೂರು ಸೀಮೆಯ ಶೇಂಗಾ ಹೊಲದ ಮನೆಯಿಂದ ತ್ಯಾವಣಿಗೆಯ ನಾಲೆ ನೀರಿನ ಮನೆಗೆ ನಾನು ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ಆರಂಭದಲ್ಲಿ. ನಾನು ಬಾಯಿ ತೆಗೆದರೆ ಇಲ್ಲಿನವರಿಗೆ ನಗು. ಬಿಂದಿಗೆ ನೀರಲ್ಲಿ ಎಷ್ಟು ಜನ ಸ್ನಾನ ಮಾಡ್ತಿದ್ರಿ ಎಂದು ನಾದಿನಿ ಕೇಳುತ್ತಿದ್ದಳು. ಶಾಲೆಯಲ್ಲಿ ವಿಜ್ಞಾನಕ್ಕೆ ನಾನೇ ಮೊದಲು ಬರುತ್ತಿದ್ದೆ ಎಂಬುದನ್ನು ಆ ಮನೆಯಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಾವನವರಿಗೆ ಒಂದು ಚಿಕ್ಕ ಟ್ರ್ಯಾಕ್ಟರ್ ಇತ್ತು. ಹಳೆಯದನ್ನೇ ಕೊಂಡಿದ್ದರು, ಆದರೆ ಗತ್ತು ಹೊಸದರದ್ದು. ನಾಲೆಯ ನೀರು ಸರದಿಯಂತೆ ಬರುವುದರಿಂದ ಗದ್ದೆಯ ಕೆಸರು ಹದ ಮಾಡುವ ಕೆಲಸ ಎಷ್ಟೋ ಸಲ ಹೊತ್ತು ಮುಳುಗಿದ ಮೇಲೆಯೇ ಶುರುವಾಗುತ್ತಿತ್ತು. ಮುಂದಿನ ಎರಡು ದೀಪ ಮಿಣಮಿಣ ಅನ್ನುತ್ತಿದ್ದವು. ಹಿಂದೆ ಏನಾಗುತ್ತಿದೆ ಎಂಬುದೇ ಕಾಣದೆ ಡ್ರೈವರು ಪಕ್ಕದವರ ಬದು ಕಿತ್ತು ಜಗಳ ತರುತ್ತಿದ್ದ. ತಾನೇ ಎರಡು ದೀಪ ಹೆಚ್ಚಿಗೆ ಕಟ್ಟಿ ನೋಡಿದ. ಬೆಳಗಾದರೆ ಟ್ರ್ಯಾಕ್ಟರ್ ಅಲುಗುತ್ತಿರಲಿಲ್ಲ. ನಾಲ್ಕು ಜನ ತಳ್ಳಬೇಕಾಗುತ್ತಿತ್ತು. ಆಗ ಚನ್ನಗಿರಿಯಲ್ಲಿ ಬ್ಯಾಟರಿ ಅಂಗಡಿ ಇಟ್ಟಿದ್ದ ಮೇಸ್ತ್ರಿಗೆ ಹೇಳಿ ಕಳಿಸಿದರು.

ಮೇಸ್ತ್ರಿ ಬಸ್ಸಿನಲ್ಲಿ ಬಂದರು. ಆಸಿಡ್ ಬಿದ್ದು ತೂತಾದ ಅಂಗಿ, ಕೈಯಲ್ಲೊಂದು ಕ್ಯಾನ್ವಾಸ್ ಚೀಲ. ಡೈನಮೋದ ಬೆಲ್ಟ್ ಒತ್ತಿ ನೋಡಿ, ವೈರುಗಳನ್ನು ಹಿಡಿದು ನೋಡಿ, ಮಾವನವರಿಗೆ ಹೇಳಿದರು: “ಗೌಡ್ರೆ, ಈ ಡೈನಮೋ ಎರಡು ಲೈಟಿಗೆ ಅಂತ ಹುಟ್ಟಿದ್ದು. ನಾಲ್ಕು ಹಾಕಿದ್ರೆ ಬ್ಯಾಟರಿಗೆ ಬರೋದು ಕಮ್ಮಿ, ಹೋಗೋದು ಜಾಸ್ತಿ. ಅದು ಉಪವಾಸ ಬೀಳ್ತೈತೆ. ಲೈಟ್ ಹಾಕಾಕೆ ಮೊದ್ಲು ಕರೆಂಟ್ ಹುಟ್ಟೋದನ್ನ ಹೆಚ್ಚು ಮಾಡ್ಬೇಕ್ರಿ.”

ದಾವಣಗೆರೆಯ ಗುಜರಿಯಿಂದ, ಡೈನಮೋಗಿಂತ ಹೆಚ್ಚು ಕರೆಂಟ್ ಹುಟ್ಟಿಸುವ, ಲಾರಿಯ ಆಲ್ಟರ್ನೇಟರ್ ಒಂದನ್ನು ಹುಡುಕಿ ತಂದರು. ಅದನ್ನು ಕೂರಿಸಲು ಹೊಸ ಪಟ್ಟಿ ಮಾಡಿಸಿದರು, ತೆಳ್ಳಗಿನ ವೈರು ಕಿತ್ತು ದಪ್ಪ ವೈರು ಎಳೆದರು, ದೀಪಕ್ಕೊಂದು ಫ್ಯೂಸ್ ಇಟ್ಟರು. ನಮ್ಮ ಅಂಗಳದಲ್ಲಿ ನಾಲ್ಕು ದಿನ ಕೆಲಸ. ಮೊದಲ ದಿನ ಚಹಾ ಕೊಡಲು ಹೋದಾಗ ನಾನು ಆಡಿದ ಒಂದು ಮಾತಿಗೇ ತಲೆ ಎತ್ತಿ, “ಜಗಳೂರ ಕಡೆಯಾಕೆ ಅಲ್ಲೇನು ತಂಗಿ ನೀನು?” ಎಂದರು. ಅವರೂ ಆ ಕಡೆಯವರೇ. ನನ್ನ ತವರಿನ ಬಾವಿಯನ್ನು ಕಂಡಿದ್ದವರು. ಮದುವೆಯಾಗಿ ಎಂಟು ತಿಂಗಳಾದರೂ ಆ ಮನೆಯಲ್ಲಿ ನನ್ನ ಊರನ್ನು ಮರ್ಯಾದೆಯಿಂದ ವಿಚಾರಿಸಿದವರು ಅವರೊಬ್ಬರೇ. ಅದು ನನಗೆ ಎಷ್ಟು ಹಿತವಾಯಿತೆಂದರೆ ಆ ನಾಲ್ಕು ದಿನ ಬೇಡದಿದ್ದರೂ ಚಹಾ ಕಾಸಿದೆ.

ಕೊನೆಯ ದಿನ ಬ್ಯಾಟರಿಯ ಮೇಲೆ ವೈರು ಸಿಕ್ಕಿಸುವ ಎರಡು ತಲೆಗಳಲ್ಲಿ ಒಂದಕ್ಕೆ ಕೆಂಪು ಪೇಂಟ್ ಹಚ್ಚುತ್ತಿದ್ದರು. ಯಾಕಣ್ಣಾ ಎಂದೆ. ಪ್ಲಸ್ಸು ಮೈನಸ್ಸು ನನಗೆ ಗೊತ್ತೆಂದು ತಿಳಿದಾಗ ಅವರಿಗೆ ಬಲು ಖುಷಿ. “ನೋಡು ತಂಗಿ, ಹಳೇ ಗಾಡಿ ಇದು, ಪ್ಲಸ್ಸನ್ನ ಗಾಡಿಯ ಕಬ್ಬಿಣದ ಮೈಗೆ ಕಟ್ಟಿದ್ರು. ಈ ಹೊಸ ಆಲ್ಟರ್ನೇಟರಿಗೆ ಅದು ನಡೆಯಂಗಿಲ್ಲ, ಮೈನಸ್ಸೇ ಮೈಗೆ ಹೋಗ್ಬೇಕು. ಕೆಂಪು ಗುರುತಿನ ತಲೆಗೆ ದಪ್ಪ ವೈರು. ಅದಲು ಬದಲಾದ್ರೆ ಒಂದೇ ಗಳಿಗೆನಾಗೆ ಎಲ್ಲಾ ಸುಟ್ಟು ಹೋಗ್ತೈತೆ. ಡ್ರೈವರಿಗೂ ಹೇಳೀನಿ, ನೀನೂ ನೆನಪಿಟ್ಕೋ.” ಆ ಮನೆಯಲ್ಲಿ ಈ ಮಾತು ಅರ್ಥವಾದವಳು ನಾನೊಬ್ಬಳೇ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಅಂದು ಸಂಜೆ ನಾಲ್ಕು ದೀಪ ಒಟ್ಟಿಗೆ ಹತ್ತಿದಾಗ ಎದುರು ಮನೆಯ ಗೋಡೆಯ ಬಿರುಕೆಲ್ಲ ಕಂಡಿತು. ಊರವರು ಬಂದು ನಿಂತರು. ನಮ್ಮದಕ್ಕೂ ಹಿಂಗೇ ಮಾಡಿಕೊಡ್ರಿ ಎಂದು ತ್ಯಾವಣಿಗೆಯ ಇಬ್ಬರು, ಉಬ್ರಾಣಿಯಿಂದ ಬಂದಿದ್ದ ಒಬ್ಬರು ಅಲ್ಲೇ ಹೇಳಿದರು. ಹಬ್ಬ ಮುಗಿಯಲಿ, ಒಬ್ಬೊಬ್ಬರದೂ ಮಾಡ್ತೀನಿ ಎಂದು ಮೇಸ್ತ್ರಿ ಕೈ ಒರೆಸಿಕೊಂಡರು. ಇಷ್ಟು ವರ್ಷ ಬ್ಯಾಟರಿಗೆ ನೀರು ಹಾಕಿಕೊಂಡು ಕೂತಿದ್ದವರಿಗೆ ಅದು ಕೈಗೆ ಬಂದ ಕಸುಬು. ಮುಖದಲ್ಲಿ ಅದು ಕಾಣುತ್ತಿತ್ತು.

ಎರಡು ದಿನ ಬಿಟ್ಟು ಆಯುಧಪೂಜೆ. ಆ ಮನೆಯಲ್ಲಿ ನನಗೆ ಮೊದಲನೆಯದು. ಹೊಸ ಸೊಸೆಯ ಕೈಯಲ್ಲೇ ಟ್ರ್ಯಾಕ್ಟರಿಗೆ ಕುಂಕುಮ ಹಚ್ಚಿಸಬೇಕು ಎಂದು ಅತ್ತೆಯ ಹಟ. ಕುಡುಗೋಲಿನಿಂದ ಹಿಡಿದು ತಕ್ಕಡಿಯವರೆಗೆ ಎಲ್ಲವನ್ನೂ ಹುಣಸೆಹಣ್ಣು ಹಾಕಿ ತಿಕ್ಕುವುದು ಪದ್ಧತಿ. ಡ್ರೈವರು ಬ್ಯಾಟರಿಯನ್ನೂ ಬಿಚ್ಚಿ ತಂದು ಜಗಲಿಯ ಮೇಲೆ ಇಟ್ಟ. ತೆಂಗಿನ ನಾರಿನಿಂದ ತಿಕ್ಕಿದವಳು ನಾನು. ಪೇಂಟ್ ಇನ್ನೂ ಸರಿಯಾಗಿ ಒಣಗಿರಲಿಲ್ಲ. ನಾರು ಕೆಂಪಾದದ್ದನ್ನು ನೋಡಿದೆ. ಆದರೆ ಅಷ್ಟರಲ್ಲಿ ಎರಡು ತಲೆಯೂ ಒಂದೇ ಥರ ಹೊಳೆಯುತ್ತಿದ್ದವು, ಪಕ್ಕದಲ್ಲಿದ್ದ ಪ್ಲಸ್ಸು ಮೈನಸ್ಸಿನ ಗುರುತು ಎಂದೋ ಸವೆದಿತ್ತು. ಯಾರನ್ನಾದರೂ ಕೇಳಬಹುದಿತ್ತು, ಬಸ್ಸಿನವರ ಕೈಲಿ ಮೇಸ್ತ್ರಿಗೆ ಹೇಳಿ ಕಳಿಸಬಹುದಿತ್ತು. ಕೇಳಿದರೆ ಮೊದಲ ಪೂಜೆಯಲ್ಲೇ ಎಡವಿದಳು ಎಂದಾರು ಎಂಬ ಭಯ. ಡಬ್ಬಕ್ಕೆ ವಿಭೂತಿ ಎಳೆದೆ, ಒಂದು ತಲೆಗೆ ಅರಿಶಿನ ಇಟ್ಟೆ, ಇನ್ನೊಂದಕ್ಕೆ ಕುಂಕುಮ. ಯಾವುದಕ್ಕೆ ಯಾವುದು ಎಂದು ಯೋಚಿಸಿದ್ದೇನೋ ನಿಜ... ಆಮೇಲೆ ಅಂದಾಜಿನ ಮೇಲೆ ಹಚ್ಚಿದೆ.

ಡ್ರೈವರು ಕೆಂಪು ಕಂಡ ತಲೆಗೆ ದಪ್ಪ ವೈರು ಸಿಕ್ಕಿಸಿದ. ಒಂದು ವೈರಿನ ತುದಿಯ ಹಿಡಿ ಕೂರಲಿಲ್ಲ, ಬಡಿದು ಕೂರಿಸಿದ. ಇನ್ನೊಂದು ಸಡಿಲವಾಯಿತು, ಅದಕ್ಕೆ ತಗಡಿನ ಚೂರು ತುರುಕಿದ. ಪ್ಲಸ್ಸಿನ ತಲೆ ಮೈನಸ್ಸಿನದಕ್ಕಿಂತ ಕೊಂಚ ದಪ್ಪ ಇರುತ್ತದೆಂದು ನನಗೆ ಆಗ ಗೊತ್ತಿರಲಿಲ್ಲ. ಚಟ್ ಎಂದು ಕಿಡಿ ಹಾರಿತು. ಹೊಸ ವೈರುಗಳೆಲ್ಲ ಬುಸುಬುಸು ಹೊಗೆಯಾಡಿದವು. ಯಾರೋ ಒದ್ದೆ ಗೋಣಿಚೀಲ ಎಸೆದರು, ಯಾರೋ ಕೊಡ ನೀರು ಸುರಿದರು. ಹೊಗೆ ನಿಂತಾಗ ಅರಿಶಿನ ಕುಂಕುಮ ಎರಡೂ ತೊಳೆದು ಹೋಗಿದ್ದವು. ತಗಡಿನ ಚೂರನ್ನು ಡ್ರೈವರು ಕಿತ್ತು ಎಸೆದದ್ದನ್ನು ನಾನು ನೋಡಿದೆ. ಅವನಿಗೂ ಅವನ ಹೊಟ್ಟೆಪಾಡು.

ಮಾರನೆಯ ದಿನ ಮೇಸ್ತ್ರಿ ಬಂದು ಆಲ್ಟರ್ನೇಟರ್ ಬಿಚ್ಚಿದರು. ಬಹಳ ಹೊತ್ತು ನೋಡಿ, “ಅದಲು ಬದಲಾದಂಗೆ ಕಾಣ್ತೈತ್ರಿ ಗೌಡ್ರೆ” ಎಂದರು. ಡ್ರೈವರು, “ಕೆಂಪು ಇದ್ದ ತಲೆಗೇ ಕೊಟ್ಟೀನ್ರಿ” ಎಂದ.

“ನನ್ನ ಕೆಂಪೋ, ಪೂಜೆ ಕೆಂಪೋ?” ಎಂದು ಮೇಸ್ತ್ರಿ ಕೇಳಿದರು.

ಮಾವನವರಿಗೆ ಸಿಟ್ಟು ನೆತ್ತಿಗೇರಿತು. “ಪೂಜೆ ಮಾಡಿದ್ದು ತಪ್ಪೇನಯ್ಯಾ? ಗುಜರಿ ಮಾಲು ತಂದು ಹಾಕಿ ನಮ್ಮ ಮನೆ ಹೆಣ್ಣುಮಗಳ ಮ್ಯಾಲೆ ಹೊರಿಸ್ತೀಯಾ?” ಎಂದರು.

ಮೇಸ್ತ್ರಿ ಅವರ ಕಡೆ ತಿರುಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಆ ನೋಟದಲ್ಲಿ ಆರೋಪ ಇರಲಿಲ್ಲ. ಭರವಸೆ ಇತ್ತು. “ತಂಗಿ, ನಿಂಗೆ ತಿಳೀತೈತೆ. ಯಾವ ತಲೆಗೆ ಕುಂಕುಮ ಇಟ್ಟೆ, ಹೇಳು.”

ಅತ್ತೆ, ನಾದಿನಿ, ನನ್ನ ಗಂಡ ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

“ನೀವು ಬಣ್ಣ ಹಚ್ಚಿದ್ರಲ್ಲ ಅಣ್ಣಾ, ಅದೇ ತಲೆಗೆ.”

ಆರೇ ಪದ. ನಾಲಿಗೆ ತೊದಲಲೂ ಇಲ್ಲ. ಮೇಸ್ತ್ರಿ ಕೈಯಲ್ಲಿದ್ದ ಸುಟ್ಟ ಭಾಗವನ್ನು ತಿರುಗಿಸಿ ತಿರುಗಿಸಿ ನೋಡಿದರು. “ಹಂಗಾದ್ರೆ ನಂದೇ ಏನೋ ತಪ್ಪೈತ್ರಿ” ಎಂದು ಸುಟ್ಟ ಆಲ್ಟರ್ನೇಟರನ್ನೂ ಚೀಲಕ್ಕೆ ಹಾಕಿ ಕಟ್ಟಿಕೊಂಡು ಬಸ್ ನಿಲ್ದಾಣದ ಕಡೆ ನಡೆದರು. ಅಂದು ರಾತ್ರಿ ಮಾವನವರು ನನಗೆ ಒಂದು ಹೋಳಿಗೆ ಹೆಚ್ಚಿಗೆ ಬಡಿಸಲು ಹೇಳಿದರು. ನಾನು ಮನೆಯವಳಾದದ್ದು ಆ ದಿನವೇ ಎಂದು ಕಾಣುತ್ತದೆ.

ಮಾವನವರು ಸುಮ್ಮನೆ ಬಿಡುವ ಪೈಕಿ ಅಲ್ಲ. ಸಂತೆ, ಮದುವೆ, ಸೊಸೈಟಿಯ ಕಟ್ಟೆ, ಹೋದಲ್ಲೆಲ್ಲ ಹೇಳಿದರು. ದೀಪ ಬೇಕೆಂದಿದ್ದವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಬ್ಯಾಟರಿ ಮೇಸ್ತ್ರಿ ಹೋಗಿ ಹೊಗೆ ಮೇಸ್ತ್ರಿ ಎಂಬ ಹೆಸರು ಬಿತ್ತು. ಚನ್ನಗಿರಿಯ ಅಂಗಡಿ ಮುಚ್ಚಿ ಹೊನ್ನಾಳಿಗೆ ಹೋದರಂತೆ, ಹೆಸರು ಅವರಿಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ನ್ಯಾಮತಿ, ಗೋವಿನಕೋವಿ ಕಡೆ ಸ್ವಲ್ಪ ದಿನ ತಿರುಗಾಡಿದರು ಎಂದು ಕೇಳಿದೆ. ಆಮೇಲೆ ಸುದ್ದಿ ನಿಂತಿತು... ನಾನೂ ವಿಚಾರಿಸಲಿಲ್ಲ. ನನಗಾಗಲೇ ಮಗ ಹುಟ್ಟಿದ್ದ.

ನಾಲ್ಕು ವರ್ಷದ ಮೇಲೆ ತಮ್ಮನ ಮದುವೆಗೆ ಜಗಳೂರಿಗೆ ಹೋದಾಗ ಅವರು ಸಿಕ್ಕರು. ಎಣ್ಣೆ ಮಿಲ್ಲಿನ ಮುಂದೆ ಕೂತು ದಬ್ಬಣ ಹಿಡಿದು ಶೇಂಗಾ ಚೀಲಗಳ ಬಾಯಿ ಹೊಲಿಯುತ್ತಿದ್ದರು. ನನ್ನನ್ನು ಗುರುತು ಹಿಡಿದು ಎದ್ದು ನಿಂತು, ಮಗುವಿನ ಕೆನ್ನೆ ಮುಟ್ಟಿ, ಪಕ್ಕದ ಹೋಟೆಲಿನಿಂದ ಚಹಾ ತರಿಸಿದರು. ಹೇಳಿಬಿಡಬೇಕೆಂದು ಬಾಯಿವರೆಗೆ ಬಂತು. “ಕಸುಬು ಯಾಕೆ ಬಿಟ್ರಿ ಅಣ್ಣಾ?” ಎಂದಷ್ಟೇ ಕೇಳಿದೆ.

“ಊರವರು ಅಂದಿದ್ದಕ್ಕೆ ಬಿಡ್ಲಿಲ್ಲ ತಂಗಿ” ಎಂದರು. “ಜನ ಅಂತಾರೆ, ಮರೀತಾರೆ. ಆದ್ರೆ ನಾನು ಆ ಸುಟ್ಟಿದ್ದನ್ನ ಹತ್ತು ಸಲ ಬಿಚ್ಚಿ ನೋಡ್ದೆ, ಅದಲು ಬದಲಾಗೇ ಸುಟ್ಟಂಗಿತ್ತು. ನೀನು ನೋಡಿದ್ರೆ ಸರಿಯಾದ ತಲೆಗೇ ಇಟ್ಟೀನಿ ಅಂದೆ. ನೀನು ತಿಳಿದಾಕಿ, ಸುಳ್ಳು ಹೇಳೋ ಹುಡುಗಿ ಅಲ್ಲ. ಅಂದ್ಮ್ಯಾಲೆ ನನ್ನ ಕಣ್ಣೇ ಸುಳ್ಳು ಅಲ್ಲೇನು? ಕಣ್ಣು ನಂಬದವನು ಕರೆಂಟು ಮುಟ್ಟಬಾರ್ದು.”

ಚಹಾ ಪೂರ್ತಿ ಕುಡಿದೆ. ಹೊತ್ತಾಯಿತು, ಬರ್ತೀನಿ ಎಂದು ಎದ್ದೆ.

ಮೇಸ್ತ್ರಿ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಅವರು ಹೋಗಿ ವರ್ಷ ಕಳೆದ ಮೇಲೆ. ಮಾವನವರಿಲ್ಲ, ಡ್ರೈವರಿಲ್ಲ, ಟ್ರ್ಯಾಕ್ಟರನ್ನು ಎಂದೋ ಮಾರಿದ್ದಾಯಿತು. ಈಗ ನಿಜ ಹೇಳಿದರೆ ನನಗೆ ಯಾವ ಕಷ್ಟವೂ ಇಲ್ಲ, ಅದಕ್ಕೇ ಹೇಳುತ್ತಿದ್ದೇನೆ, ಅಷ್ಟೇ ನನ್ನ ಧೈರ್ಯ. ಬರೆದದ್ದನ್ನು ಮೊನ್ನೆ ನನ್ನ ಗಂಡನಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ, “ನಂಗೆ ಆವತ್ತೇ ಗೊತ್ತಿತ್ತು ಬಿಡು” ಎಂದರು.