ಅತ್ತೆಯನ್ನು ಮೆಟ್ಟಿಲಿಂದ ಎಬ್ಬಿಸಿದ್ದು

ಗರುಡಾಚಾರ್‌ಪಾಳ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಸೇಫ್ಟಿ ಸೂಪರ್‌ವೈಸರ್. ಬೇಸಿಗೆಯಲ್ಲಿ ಕೆಲಸದವರು ಬಿಸಿಲಿನಿಂದ ಹೇಗೆ ಹುಷಾರಾಗಿರಬೇಕು ಎಂದು ಹೇಳಿಕೊಡುವುದೂ ನನ್ನದೇ ಕೆಲಸ. ಅಂಥವನು ನನ್ನ ಸ್ವಂತ ಅತ್ತೆಯ ವಿಷಯದಲ್ಲಿ ಹೇಗೆ ನಡೆದುಕೊಂಡೆ ಎಂಬುದನ್ನು ಇಲ್ಲಿಯವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ.

ಅತ್ತೆ ಎಂದರೆ ಅಪ್ಪನ ಅಕ್ಕ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಹಲಸೂರಿನಲ್ಲಿ ನಮ್ಮ ಬಾಡಿಗೆ ಮನೆ ಮೂರನೆಯ ಮಹಡಿಯಲ್ಲಿತ್ತು. ತಲೆಯ ಮೇಲೆ ಸಿಮೆಂಟ್ ಶೀಟು. ಆ ಏಪ್ರಿಲ್‌ನಲ್ಲಿ ಬೆಳಿಗ್ಗೆ ಹನ್ನೊಂದಕ್ಕೇ ಗೋಡೆ ಮುಟ್ಟಿದರೆ ಬಿಸಿ. ಫ್ಯಾನು ಕಾದ ಗಾಳಿಯನ್ನೇ ಸುತ್ತಿಸುತ್ತಿತ್ತು. ನಾನೂ ಹೆಂಡತಿಯೂ ಕೆಲಸಕ್ಕೆ ಹೊರಟ ಮೇಲೆ ಅತ್ತೆ ನೀರಿನ ಬಾಟಲಿ, ಬೀಸಣಿಗೆ ಹಿಡಿದು ಮೆಲ್ಲಗೆ ಕೆಳಗಿಳಿಯುತ್ತಿದ್ದಳು. ನೆಲಮಹಡಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬರಿದ್ದರು; ಮನೆಯಲ್ಲಿ ದಖ್ಖನಿ ಉರ್ದು, ನಮ್ಮ ಜೊತೆ ಕನ್ನಡ. ಅವರ ಬಾಗಿಲ ಮುಂದಿನ ಮೆಟ್ಟಿಲಿಗೆ ದಿನವಿಡೀ ನೆರಳು. ಅತ್ತೆ ಅಲ್ಲಿ ಕೂತು ಅವರ ಬ್ಲೌಸುಗಳಿಗೆ ಹುಕ್ಕು ಹೊಲಿದುಕೊಡುತ್ತ ಸಂಜೆಯವರೆಗೆ ಕಳೆಯುತ್ತಿದ್ದಳು.

ಒಂದು ಮಧ್ಯಾಹ್ನ ನಮ್ಮ ಮ್ಯಾನೇಜರ್ ತಮ್ಮ ಕಾರಿನಲ್ಲಿ ನನ್ನನ್ನು ಮನೆಗೆ ಬಿಟ್ಟರು. ಅತ್ತೆ ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು, ಸೀರೆಯನ್ನು ಮಂಡಿಯವರೆಗೆ ಎತ್ತಿಕೊಂಡು ಮೆಟ್ಟಿಲ ಮೇಲಿದ್ದಳು.

"ಪಾಪ, ಈ ಸೆಕೇಲಿ ಬೀದೀಲಿ ಕೂತಿದಾರೆ. ಆ ಅಜ್ಜಿಗೆ ಯಾರೂ ಇಲ್ವೇನ್ರೀ?" ಎಂದರು ಮ್ಯಾನೇಜರ್.

"ಗೊತ್ತಿಲ್ಲ ಸಾರ್," ಎಂದೆ.

ಕಾರಿನ ಗಾಜು ಇಳಿದಿತ್ತು. ನನ್ನನ್ನು ಕಂಡು ಏಳಲು ಹೊರಟಿದ್ದ ಅತ್ತೆ ಮತ್ತೆ ಕೂತುಬಿಟ್ಟಳು.

ಕಾರು ತಿರುವು ದಾಟಿದ ಮೇಲೆ ಅವಳನ್ನು ಮೇಲಕ್ಕೆ ಕರೆತಂದು ರೇಗಾಡಿದೆ. "ಇನ್ನೊಬ್ಬರ ಮನೆ ಬಾಗಿಲಲ್ಲಿ ಯಾಕೆ ಕೂರ್ತೀಯ? ನೋಡಿದವರು ಏನಂದ್ಕೋತಾರೆ? ಮಧ್ಯಾಹ್ನ ಹೊರಗೆ ಇರಬಾರ್ದು, ಬಿಸಿಲು ಬಡಿಯುತ್ತೆ. ಬಾಗಿಲು ಹಾಕ್ಕೊಂಡು ಒಳಗಿರು."

"ಒಳಗೇ ಜಾಸ್ತಿ ಕಣೋ ಸೆಕೆ."

"ಕರ್ಟನ್ ಎಳ್ಕೊ. ನೀರು ಕುಡೀತಿರು."

"ಆಯ್ತಪ್ಪ," ಎಂದಳು.

ಶೀಟಿನ ಕೆಳಗಿನ ಕೋಣೆಗಿಂತ ಹೊರಗಿನ ನೆರಳೇ ವಾಸಿ ಎಂಬುದು ನನಗೆ ಗೊತ್ತಿತ್ತು. ಶೆಡ್ಡಿನಲ್ಲಿ ಕೆಲಸ ಮಾಡುವವರನ್ನು ಗಂಟೆಗೊಮ್ಮೆ ಹೊರಗೆ ಕಳಿಸಿ ಎಂದು ಬರೆದುಕೊಟ್ಟವನೇ ನಾನು. ಅತ್ತೆಯ ಆರೋಗ್ಯದ ಹೆಸರು ಹೇಳಿ ನನ್ನ ಮರ್ಯಾದೆ ಕಾಪಾಡಿಕೊಂಡೆ, ಅಷ್ಟೇ.

ಮೂರನೆಯ ದಿನ ಕಾರ್ಖಾನೆಯಲ್ಲಿ ಬಿಸಿಲಿನ ಬಗ್ಗೆಯೇ ಮಾತಾಡುತ್ತಿದ್ದಾಗ ಕೆಳಮನೆಯವರ ಫೋನು ಬಂತು. "ಅಣ್ಣ, ಅಮ್ಮ ಏನೇನೋ ಮಾತಾಡ್ತಿದಾರೆ. ಮೈ ಕೆಂಡ ಆಗಿದೆ. ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದೀನಿ, ನೀವು ಅಲ್ಲಿಗೇ ಬನ್ನಿ."

ಮೆಟ್ರೋದಲ್ಲಿ ಒಂದೊಂದು ಸ್ಟೇಷನ್ನೂ ದೂರವಾಗಿತ್ತು. ನಾನು ತಲುಪುವಷ್ಟರಲ್ಲಿ ಅತ್ತೆಗೆ ಗ್ಲೂಕೋಸ್ ಹಾಕಿದ್ದರು, ಕಣ್ಣು ಬಿಟ್ಟಿದ್ದಳು. ಕೆಳಮನೆಯವರು ಅವಳನ್ನು ನೆಲದ ಮೇಲೆ ಮಲಗಿಸಿ, ದುಪಟ್ಟಾ ನೆನೆಸಿ ಕುತ್ತಿಗೆಗೆ, ಕಂಕುಳಿಗೆ ಒತ್ತಿ, ರಟ್ಟಿನಿಂದ ಗಾಳಿ ಬೀಸುತ್ತಲೇ ಆಟೋ ತರಿಸಿದ್ದರಂತೆ. ಎಚ್ಚರ ಸರಿಯಿಲ್ಲವೆಂದು ಬಾಯಿಗೆ ನೀರು ಹಾಕಿರಲಿಲ್ಲ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

"ಇವರನ್ನ ಆ ಶೀಟ್ ಮನೇಲಿ ಬಾಗಿಲು ಹಾಕ್ಕೊಂಡಿರೋಕೆ ಯಾರ್ರೀ ಹೇಳಿದ್ದು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದಳು: "ಯಾರೂ ಇಲ್ಲ ಡಾಕ್ಟ್ರೇ. ಮಂಡಿ ನೋವು, ಇಳಿಯೋಕಾಗ್ಲಿಲ್ಲ."

ಪಕ್ಕದಲ್ಲಿ ನಿಂತಿದ್ದ ಕೆಳಮನೆಯವರು ಒಮ್ಮೆ ನನ್ನ ಮುಖ ನೋಡಿ, ನೆಲ ನೋಡಿದರು.

ಅತ್ತೆ ಆಸ್ಪತ್ರೆಯಿಂದ ಬಂದ ಮಾರನೆಯ ದಿನ ಕೆಳಮನೆಯವರ ಹತ್ತಿರ ಹೋದೆ. ಅವರು ಹೊಲಿಗೆ ಮಿಷನ್ ನಿಲ್ಲಿಸಿದರು. "ನಾನೇ ಅತ್ತೆಗೆ ಇಲ್ಲಿ ಕೂರ್ಬೇಡ ಅಂದಿದ್ದು," ಎಂದೆ.

"ಗೊತ್ತು ಅಣ್ಣ. ಮಗನಿಗೆ ಇಷ್ಟ ಆಗಲ್ಲ, ಇನ್ನು ಬರಲ್ಲ ಅಂತ ಅಮ್ಮ ಹೇಳಿದ್ರು. ಅದಕ್ಕೇ ದಿನಾ ಊಟ ಆದ್ಮೇಲೆ ಮೇಲೆ ಬಂದು ನೋಡ್ತಿದ್ದೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತೇನೋ.

ಮ್ಯಾನೇಜರಿಗೂ ಹೇಳಿದೆ, ಅವತ್ತು ನೀವು ನೋಡಿದ ಅಜ್ಜಿ ನನ್ನ ಅತ್ತೆ ಎಂದು. ಅದಕ್ಕೆ ಧೈರ್ಯ ಬರಲು ತಿಂಗಳು ಹಿಡಿಯಿತು. "ಯಾವ ಅಜ್ಜಿ?" ಎಂದರು ಅವರು. ನೆನಪೇ ಇರಲಿಲ್ಲ.

ಮಳೆಗಾಲ ಶುರುವಾಗುವ ಮೊದಲೇ ಅದೇ ಬೀದಿಯಲ್ಲಿ ನೆಲಮಹಡಿಯ ಮನೆ ಹಿಡಿದೆವು. ಚಿಕ್ಕದು, ಹಗಲೂ ದೀಪ ಬೇಕು, ಆದರೆ ತಂಪು. ಅತ್ತೆ ಚೇತರಿಸಿಕೊಂಡಿದ್ದಾಳೆ, ನಡೆಯುವಾಗ ಮಾತ್ರ ಗೋಡೆ ಹಿಡಿಯುತ್ತಾಳೆ. ಹಾಲು ಉಕ್ಕಿಸಿದ ದಿನ ಎಲ್ಲ ಕೋಣೆ ನೋಡಿ ಬಂದು, "ಇಲ್ಲಿ ನಾನು ಬಾಗಿಲ ಹತ್ರ ಕೂರಬಹುದೇನಪ್ಪ?" ಎಂದು ಕೇಳಿದಳು.

ನನ್ನನ್ನು ಎತ್ತಿ ಆಡಿಸಿದವಳು ನನ್ನ ಅಪ್ಪಣೆ ಕೇಳುತ್ತಿದ್ದಳು. ಕೂತ್ಕೋ ಅತ್ತೆ, ನನ್ನ ಕೇಳ್ಬೇಡ ಎಂದೆ. ಆದರೂ ಕೇಳುವುದನ್ನು ಅವಳು ಬಿಟ್ಟಿಲ್ಲ.