ಕುದಿಯುವ ಸಾರು ಸುರಿದ ಡಬ್ಬಗಳು

ಮಲದಲ್ಲಿ ರಕ್ತ ಕಂಡದ್ದು ಜುಲೈ ತಿಂಗಳಲ್ಲಿ. ಮೂರು ದಿನ ಯಾರಿಗೂ ಹೇಳಲಿಲ್ಲ. ನಾಲ್ಕನೆಯ ದಿನ, ನಾನು ವಾಸಿಸುವ ಬ್ಲ್ಯಾಕ್‌ಟೌನ್‌ನ ಒಬ್ಬ ಜಿಪಿಯ, ಅಂದರೆ ಸಾಮಾನ್ಯ ವೈದ್ಯರ, ಬಳಿ ಹೋದೆ. ಅವರು ನನ್ನ ಮುಖ ನೋಡಲಿಲ್ಲ. ಪರದೆಯನ್ನೇ ನೋಡುತ್ತ, ಈ ವಯಸ್ಸಿನಲ್ಲಿ ಪೈಲ್ಸ್ ಸಾಮಾನ್ಯವೆಂದು ಮುಲಾಮು ಬರೆದರು. ಮೈಸೂರಿನ ಕಾಲೇಜೊಂದರ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ದುಡಿದವನು ನಾನು. ಪ್ರಯೋಗ ಮಾಡದೆ ಫಲಿತಾಂಶ ಬರೆದ ವಿದ್ಯಾರ್ಥಿಯ ಪುಸ್ತಕಕ್ಕೆ ಎಂದೂ ಸಹಿ ಬೀಳಲು ಬಿಟ್ಟವನಲ್ಲ. ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಕೊಲೊನೊಸ್ಕೋಪಿಗೆ ಶಿಫಾರಸು ಪತ್ರ ಕೈಗೆ ಬರುವವರೆಗೆ ಕುರ್ಚಿಯಿಂದ ಏಳಲಿಲ್ಲ.

ದೊಡ್ಡ ಕರುಳಿನ ಕ್ಯಾನ್ಸರ್.

ವರದಿ ಬಂದ ದಿನ ಮನೆಗೆ ಮರಳಿ ಮೊದಲು ತೆರೆದದ್ದು ಅಡುಗೆಮನೆಯ ಕೆಳಗಿನ ಕಪಾಟನ್ನು. ಹೋಟೆಲಿನಿಂದ ಊಟ ಬಂದ ಪ್ಲಾಸ್ಟಿಕ್ ಡಬ್ಬಗಳನ್ನು ನಮ್ಮವರು ಯಾರೂ ಎಸೆಯುವುದಿಲ್ಲ. ನಾನೂ ತೊಳೆದು, ಒರೆಸಿ, ಅಳತೆಯ ಪ್ರಕಾರ ಜೋಡಿಸಿಟ್ಟಿದ್ದೆ. ಈ ದೇಶಕ್ಕೆ ಬಂದ ಮೇಲೆ ಹನ್ನೊಂದು ವರ್ಷ, ಪ್ರತಿ ಭಾನುವಾರ, ವಾರಕ್ಕಾಗುವಷ್ಟು ಸಾರು ಮಾಡಿ, ಕುದಿಯುತ್ತಿರುವಾಗಲೇ ಅವುಗಳಿಗೆ ಸುರಿದು, ಮುಚ್ಚಳದ ಮೇಲೆ ತಾರೀಖು ಬರೆದು ಫ್ರೀಜರಿನಲ್ಲಿಡುತ್ತಿದ್ದೆ. ಉಣ್ಣುವಾಗ ಡಬ್ಬದ ಸಮೇತ ಮೈಕ್ರೋವೇವಿಗೆ. ಮೆಲ್ಬರ್ನಿನ ಕ್ಲೇಟನ್‌ನಲ್ಲಿರುವ ಮಗಳು ರಶ್ಮಿಯ ಮನೆಗೂ ಒಯ್ಯುತ್ತಿದ್ದೆ.

ಎರಡು ವರ್ಷದ ಹಿಂದೆ, ಅವಳ ಸ್ನೇಹಿತರು ಊಟಕ್ಕೆ ಕುಳಿತಿದ್ದಾಗ, ರಶ್ಮಿ ನನ್ನ ಡಬ್ಬವೊಂದನ್ನು ಎತ್ತಿ ಹಿಡಿದಳು.

"ಅಪ್ಪಾ, ಲ್ಯಾಬ್‌ನಲ್ಲಿ ಕೆಲಸ ಮಾಡಿದೋರು ನೀವು. ಕುದಿಯೋ ಸಾರನ್ನ ಇದಕ್ಕೆ ಸುರೀತೀರಲ್ಲ? ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಪುಡಿ ಎಲ್ಲಾ ಸಾರಿಗೇ ಬರತ್ತೆ."

"ಅಂಕಲ್ ಸ್ಪೆಷಲ್ ಮಸಾಲಾ," ಎಂದನೊಬ್ಬ. ಎಲ್ಲರೂ ನಕ್ಕರು. ಆತನ ಹೆಸರು ನೆನಪಿದೆ, ಇಲ್ಲಿ ಬರೆಯುವುದಿಲ್ಲ.

ಮರುವಾರವೂ ಅದೇ ಡಬ್ಬಗಳಿಗೇ ಸುರಿದೆ. ಹಠದಿಂದ. ರಶ್ಮಿಯ ಮಗಳು ಮೀರಾ ರಜೆಗೆ ನಮ್ಮಲ್ಲಿಗೆ ಬಂದಾಗಲೆಲ್ಲ ಅವಳ ತಟ್ಟೆಗೂ ಅದೇ ಸಾರು ಬಡಿಸಿದೆ. ಈಗ ಕಪಾಟಿನ ಮುಂದೆ ನಿಂತಾಗ, ರೋಗ ನನ್ನದು, ಅದನ್ನು ಎದುರಿಸಬಲ್ಲೆ ಎಂಬ ಧೈರ್ಯವಿತ್ತು. ಆದರೆ ಆ ಮಗುವಿನ ತಟ್ಟೆ ಕಣ್ಣೆದುರಿನಿಂದ ಹೋಗಲಿಲ್ಲ.

ಸರ್ಜನ್‌ ಬಳಿ ಹೋಗುವಾಗ, ಮೆಲ್ಬರ್ನಿನಿಂದ ಬಂದಿದ್ದ ರಶ್ಮಿ ಜೊತೆಗಿದ್ದಳು. ಚೀಲದಿಂದ ಡಬ್ಬವೊಂದನ್ನು ತೆಗೆದು ಮೇಜಿನ ಮೇಲಿಟ್ಟೆ. ಇದರಿಂದಲೇ ಬಂತೆ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಆಕೆ ಅದನ್ನು ತಿರುಗಿಸಿ ನೋಡಿದರು. ಬಿಸಿ ತಾಗಿದರೆ ಪ್ಲಾಸ್ಟಿಕ್ ಸೂಕ್ಷ್ಮ ಕಣಗಳನ್ನು ಬಿಡುವುದು ನಿಜ, ಅವುಗಳಿಗೂ ಕ್ಯಾನ್ಸರಿಗೂ ಸಂಬಂಧವಿದೆಯೇ ಎಂಬುದು ಇಂದು ಯಾರಿಗೂ ಖಚಿತವಾಗಿ ಗೊತ್ತಿಲ್ಲ, ಎಂದರು.

"ನನ್ನ ಮೊಮ್ಮಗಳೂ ಇದರಲ್ಲೇ ಉಂಡಿದ್ದಾಳೆ."

ರಶ್ಮಿ ನನ್ನತ್ತ ತಿರುಗಿದಳು.

ಮಗುವಿನ ಬಗ್ಗೆ ಭಯಪಡಬೇಕೆನ್ನಲು ನನ್ನ ಬಳಿ ಆಧಾರವಿಲ್ಲ, ಎಂದರು ಸರ್ಜನ್. ಡಬ್ಬ ಬದಲಿಸಲು ಆಧಾರಕ್ಕಾಗಿ ಕಾಯಬೇಕಾಗಿಯೂ ಇಲ್ಲ, ಎಂದು ಸೇರಿಸಿದರು.

ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದ ಮೊದಲ ವೈದ್ಯೆ. ಅವರ ಮುಂದೆ ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ನಿಶ್ಚಿಂತೆಯಿಂದ ಸಹಿ ಹಾಕಿದೆ.

ಕಾರಿಡಾರಿನಲ್ಲಿ ರಶ್ಮಿ ಡಬ್ಬವನ್ನು ಮತ್ತೆ ನನ್ನ ಚೀಲಕ್ಕೆ ಹಾಕಿದಳು. ಆಮೇಲೆ, "ಅವತ್ತು ಎಲ್ಲರ ಮುಂದೆ ಹಾಗೆ ಹೇಳಬಾರದಿತ್ತು ಅಪ್ಪ," ಎಂದಳು.

"ಐದು ಜನರ ಮುಂದೆ."

"ಎಣಿಸಿ ಇಟ್ಕೊಂಡಿದೀರಾ?"

"ಹೌದು. ನೀನು ಹೇಳಿದ್ದು ಸರಿಯಾಗಿತ್ತು. ಅದನ್ನೂ ಮರೆತಿಲ್ಲ."

ಅವಳು ಅಳುತ್ತಲೇ ನಕ್ಕಳು.

ಕರುಳಿನ ಒಂದು ತುಂಡನ್ನು ತೆಗೆದರು. ಗೆಡ್ಡೆ ಹರಡಿರಲಿಲ್ಲ. ಆರು ವಾರ ಗಂಜಿ, ನಿಧಾನದ ನಡಿಗೆ, ಇಬ್ಬರು ಹಿಡಿದು ಎಬ್ಬಿಸುವ ಅವಮಾನ. ಮುಂದಿನ ಸ್ಕ್ಯಾನ್‌ಗಳು ಬಾಕಿಯಿವೆ. ಅವುಗಳಿಗಾಗಿ ಹೆದರದೆ ಕಾಯುತ್ತಿದ್ದೇನೆ.

ಕಳೆದ ಭಾನುವಾರ ಮತ್ತೆ ಸಾರು ಮಾಡಿದೆ. ಪಾತ್ರೆಯಲ್ಲೇ ಆರಲು ಬಿಟ್ಟು, ಸ್ಟೀಲ್ ಡಬ್ಬಗಳಿಗೆ ತುಂಬಿದೆ. ರಜೆಗೆ ಬಂದಿದ್ದ ಮೀರಾ ಸ್ಟೂಲಿನ ಮೇಲೆ ನಿಂತು ನೋಡುತ್ತಿದ್ದಳು.

"ತಾತಾ, ವೈ ಸ್ಟೀಲ್?"

"ಹಳೆಯ ಡಬ್ಬ ಒಳ್ಳೇದೋ ಕೆಟ್ಟದ್ದೋ ತಾತನಿಗೆ ಗೊತ್ತಿಲ್ಲ, ಪುಟ್ಟಿ. ಅದಕ್ಕೇ."

ಅವಳು ತಲೆಯಾಡಿಸಿ ತಟ್ಟೆ ಮುಂದೆ ಚಾಚಿದಳು. ಬಡಿಸಿದೆ.